ರೋಬೋಟಿಕ್ ಸರ್ಜರಿ: ಕನ್ಸೋಲ್ ಮುಂದೆ ಕೂರುವ ಮೊದಲು ಡಾಕ್ಟರು ಏನೇನು ಕಲಿತಿರಬೇಕು?

ರೋಬೋಟಿಕ್ ಆಪರೇಷನ್ ಅಂದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ: ಮಷೀನೇ ಆಪರೇಷನ್ ಮಾಡುತ್ತಾ? ಇಲ್ಲ. ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ), ಕಿಡ್ನಿ ಆಪರೇಷನ್‌ಗಳಿಗೆ ಇವತ್ತು ಬಳಸುವ ರೋಬೋಟ್ ತಾನಾಗಿ ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ಸರ್ಜನ್ ಬೆರಳು ಆಡಿಸಿದರೆ ಅದೂ ಆಡುತ್ತದೆ, ಬೆರಳು ನಿಂತರೆ ಅದೂ ನಿಲ್ಲುತ್ತದೆ. ಹಾಗಾಗಿ ಆಸ್ಪತ್ರೆಯ ಬೋರ್ಡಿನಲ್ಲಿ ರೋಬೋಟ್ ಫೋಟೋ ಎಷ್ಟು ದೊಡ್ಡದಾಗಿದೆ ಅಂತ ನೋಡಿ ಪ್ರಯೋಜನವಿಲ್ಲ. ಅದರ ಮುಂದೆ ಕೂರುವವರು ಎಲ್ಲಿ ಕಲಿತರು, ಯಾರ ಕೈಕೆಳಗೆ ಕಲಿತರು, ಕಲಿತದ್ದನ್ನು ಯಾರಾದರೂ ಅಳೆದು ನೋಡಿದರಾ ಅಂತ ಕೇಳಬೇಕು. ಈ ಕಥೆ ಜಾಹೀರಾತಿನಲ್ಲಿ ಬರಲ್ಲ. ಯೂರಾಲಜಿ ಅಂದರೆ ಕಿಡ್ನಿ, ಮೂತ್ರಕೋಶ, ಪ್ರಾಸ್ಟೇಟ್ ನೋಡುವ ವಿಭಾಗ, ಅದರಲ್ಲೂ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ನನ್ನೇ ಮುಂದಿಟ್ಟುಕೊಂಡು ಅದನ್ನು ಬಿಡಿಸಿ ನೋಡೋಣ.

ಮೊದಲು ಮಷೀನ್ ಹೇಗಿರುತ್ತೆ ಅಂತ ತಿಳಿದುಕೊಳ್ಳೋಣ. ಜಾಸ್ತಿ ಬಳಕೆಯಲ್ಲಿರುವುದು ಅಮೆರಿಕದ ಇಂಟ್ಯೂಟಿವ್ ಸರ್ಜಿಕಲ್ ಕಂಪನಿಯ ಡಾ ವಿಂಚಿ. ಇದರಲ್ಲಿ ಮೂರು ಭಾಗ. ರೋಗಿಯ ಪಕ್ಕದಲ್ಲಿ ನಾಲ್ಕು ಕೈಗಳಿರುವ ಕಾರ್ಟ್. ಇನ್ನೊಂದು ಕಡೆ ಕ್ಯಾಮೆರಾ, ಲೈಟು, ಕರೆಂಟ್ ಕೊಡುವ ಸಲಕರಣೆಗಳಿರುವ ಟವರ್. ಅದೇ ರೂಮಿನಲ್ಲಿ, ರೋಗಿಯಿಂದ ಒಂದಷ್ಟು ದೂರದಲ್ಲಿ, ಸರ್ಜನ್ ಕೂರುವ ಕನ್ಸೋಲ್. ಸರ್ಜನ್ ಕನ್ಸೋಲ್‌ನ ಕಿಂಡಿಯೊಳಗೆ ಮುಖ ಇಟ್ಟರೆ ಹೊಟ್ಟೆಯೊಳಗಿನ ಚಿತ್ರ ಮೂರು ಆಯಾಮದಲ್ಲಿ, ಸುಮಾರು 10 ಪಟ್ಟು ದೊಡ್ಡದಾಗಿ ಕಾಣುತ್ತದೆ. ಮುಖ ತೆಗೆದರೆ ಸೆನ್ಸರ್ ಅದನ್ನು ಗುರುತಿಸಿ ಕೈಗಳನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ. ಬೆರಳುಗಳು ಎರಡು ಹಿಡಿಕೆಗಳಲ್ಲಿ, ಪಾದಗಳು ಪೆಡಲ್‌ಗಳ ಮೇಲೆ. ಒಂದು ಪೆಡಲ್ ಒತ್ತಿದರೆ ಕ್ಯಾಮೆರಾ ಸರಿಯುತ್ತದೆ, ಇನ್ನೊಂದು ಕ್ಲಚ್ (ಒಳಗಿನ ಸಲಕರಣೆ ಅಲ್ಲಾಡದ ಹಾಗೆ ಹಿಡಿಕೆಗಳನ್ನಷ್ಟೇ ಸರಿಸಿಕೊಳ್ಳಲು), ಉಳಿದವು ಕರೆಂಟ್ ಹಾಯಿಸಿ ಕತ್ತರಿಸುವುದಕ್ಕೆ, ರಕ್ತ ನಿಲ್ಲಿಸುವುದಕ್ಕೆ. ಕೈ ಸ್ವಲ್ಪ ನಡುಗಿದರೆ ಮಷೀನ್ ಅದನ್ನು ಸೋಸಿ ಬಿಡುತ್ತದೆ. ಬೇಕಾದ ಹಾಗೆ ಸೆಟ್ಟಿಂಗ್ ಇಟ್ಟುಕೊಂಡರೆ ಹೊರಗೆ ಕೈ ಮೂರು ಸೆಂಟಿಮೀಟರ್ ಸರಿದಾಗ ಒಳಗೆ ಒಂದೇ ಸೆಂಟಿಮೀಟರ್ ಸರಿಯುತ್ತದೆ.

ಇಷ್ಟೆಲ್ಲ ಅನುಕೂಲ ಇದ್ದರೂ ದೊಡ್ಡದೊಂದು ಕೊರತೆ ಇತ್ತು, ಬಹಳಷ್ಟು ಆಸ್ಪತ್ರೆಗಳಲ್ಲಿ ಈಗಲೂ ಇದೆ. ಮುಟ್ಟಿದ್ದು ಸರ್ಜನ್ ಕೈಗೆ ಗೊತ್ತಾಗುವುದಿಲ್ಲ. ಹೊಟ್ಟೆ ತೆರೆದು ಮಾಡುವ ಆಪರೇಷನ್‌ನಲ್ಲಿ ಗಡ್ಡೆ ಗಟ್ಟಿಯಾಗಿದೆಯಾ, ರಕ್ತನಾಳ ಬಡಿಯುತ್ತಿದೆಯಾ, ದಾರ ಎಷ್ಟು ಬಿಗಿಯಾಯಿತು ಅನ್ನೋದೆಲ್ಲ ಬೆರಳ ತುದಿಗೆ ತಿಳಿಯುತ್ತದೆ. ಇಲ್ಲಿ ಅದು ಕಣ್ಣಿಗೆ ತಿಳಿಯಬೇಕು. ದಾರ ಬಿಗಿಯುವಾಗ ಮಾಂಸ ಎಷ್ಟು ಬಿಳಿಚಿಕೊಂಡಿತು, ಎಳೆದಾಗ ಪದರ ಎಷ್ಟು ಹಿಗ್ಗಿತು ಅಂತ ನೋಡಿ ಬಲ ಅಂದಾಜು ಮಾಡಬೇಕು. ಹೊಸಬರು ಮೊದಲ ದಿನಗಳಲ್ಲಿ ಗಂಟು ಹಾಕುವಾಗ ದಾರ ಪಟ್ ಅಂತ ತುಂಡಾಗುವುದು ಇದೇ ಕಾರಣಕ್ಕೆ. ಒಳಗಿನ ಬಲವನ್ನು ಕೈಗೆ ತಿಳಿಸುವ ಡಾ ವಿಂಚಿ 5 ಮಾದರಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 2024ರ ಮಾರ್ಚ್‌ನಲ್ಲಿ. ಅಂದರೆ ಈಗ ಹೆಸರು ಮಾಡಿರುವ ರೋಬೋಟಿಕ್ ಸರ್ಜನ್‌ಗಳೆಲ್ಲ ಹೆಚ್ಚುಕಮ್ಮಿ ಕಣ್ಣಿಂದಲೇ ಮುಟ್ಟೋದನ್ನು ಕಲಿತವರು.

ಯೂರಾಲಜಿಯವರೇ ಈ ಮಷೀನ್‌ಗೆ ಮೊದಲು ಒಲಿದದ್ದು ಯಾಕೆ? ಪ್ರಾಸ್ಟೇಟ್ ಇರುವ ಜಾಗ ಅಂಥದ್ದು. ಹೊಟ್ಟೆಯ ತಳದಲ್ಲಿ, ಸೊಂಟದ ಮುಂಭಾಗದ ಮೂಳೆಯ ಹಿಂದೆ, ಮೂತ್ರಕೋಶದ ಕೆಳಗೆ, ಗುದನಾಳಕ್ಕೆ ಅಂಟಿಕೊಂಡ ಹಾಗೆ ಅದು ಕೂತಿರುತ್ತದೆ. ಎರಡೂ ಪಕ್ಕದಲ್ಲಿ ಲೈಂಗಿಕ ಶಕ್ತಿಗೆ ಬೇಕಾದ ನರಗಳು ಅದನ್ನು ಸವರಿಕೊಂಡೇ ಹೋಗುತ್ತವೆ. ಕೆಳತುದಿಯಲ್ಲಿ ಮೂತ್ರ ತಡೆದಿಡುವ ಸ್ನಾಯು. ಕ್ಯಾನ್ಸರ್ ಪೂರ್ತಿ ತೆಗೆಯಬೇಕು, ನರ ಉಳಿಸಬೇಕು, ಸ್ನಾಯುವಿಗೆ ಪೆಟ್ಟಾಗಬಾರದು, ಕೊನೆಗೆ ಮೂತ್ರಕೋಶವನ್ನು ಮೂತ್ರನಾಳಕ್ಕೆ ನೀರು ಸೋರದ ಹಾಗೆ ಹೊಲಿಯಬೇಕು. ನರ ಉಳಿಸಿ ಪ್ರಾಸ್ಟೇಟ್ ತೆಗೆಯುವ ಕ್ರಮವನ್ನು ಜಾನ್ಸ್ ಹಾಪ್ಕಿನ್ಸ್‌ನ ಪ್ಯಾಟ್ರಿಕ್ ವಾಲ್ಶ್ 1982ರಲ್ಲೇ ಮಾಡಿ ತೋರಿಸಿದ್ದರು. ಆದರೆ ಅಷ್ಟು ಇಕ್ಕಟ್ಟಿನ, ರಕ್ತ ತುಂಬಿಕೊಳ್ಳುವ ಜಾಗದಲ್ಲಿ ಅದನ್ನು ಮಾಡೋದು ಎಲ್ಲರಿಗೂ ದಕ್ಕುವ ಕೆಲಸವಾಗಿರಲಿಲ್ಲ. ಸಣ್ಣ ತೂತುಗಳಿಂದ ಕ್ಯಾಮೆರಾ, ಸಲಕರಣೆ ತೂರಿಸಿ ಮಾಡುವ ಲ್ಯಾಪರೋಸ್ಕೋಪಿ ಬಂತು, ನೋಟ ಚೆನ್ನಾಯಿತು, ಆದರೆ ಅದರ ಉದ್ದ ನೇರ ಸಲಕರಣೆಗಳಿಗೆ ಮಣಿಕಟ್ಟು ಇಲ್ಲ, ಅಷ್ಟು ಕೆಳಗೆ ಹೊಲಿಗೆ ಹಾಕೋದು ಹಿಂಸೆ. ರೋಬೋಟ್ ಕೊಟ್ಟಿದ್ದು ಆ ಮಣಿಕಟ್ಟನ್ನು.

2000ದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮೊದಲ ರೋಬೋಟಿಕ್ ಪ್ರಾಸ್ಟೇಟ್ ಆಪರೇಷನ್ ಆಯಿತು. ಅದನ್ನು ದಿನನಿತ್ಯದ ಆಪರೇಷನ್ ಮಾಡಿದವರು ಮಾತ್ರ ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಮಣಿ ಮೆನನ್. ತ್ರಿಶ್ಶೂರಿನಲ್ಲಿ ಹುಟ್ಟಿ ಪುದುಚೇರಿಯ ಜಿಪ್ಮರ್‌ನಲ್ಲಿ ಓದಿದವರು. ಹೊಟ್ಟೆ ತೆರೆದು ಮಾಡುವ ಆಪರೇಷನ್‌ನಲ್ಲಿ ಪಳಗಿದ್ದ ಅವರಿಗೆ ಲ್ಯಾಪರೋಸ್ಕೋಪಿಯ ಅನುಭವ ಅಷ್ಟಿರಲಿಲ್ಲ. ಪ್ಯಾರಿಸ್‌ನಲ್ಲಿ ಲ್ಯಾಪರೋಸ್ಕೋಪಿಯಿಂದ ಪ್ರಾಸ್ಟೇಟ್ ತೆಗೆಯುತ್ತಿದ್ದ ತಂಡದವರನ್ನು ಡೆಟ್ರಾಯಿಟ್‌ಗೆ ಕರೆಸಿಕೊಂಡು, ಅವರ ಕೆಲಸ ನೋಡಿ, ಅವರ ಜೊತೆ ಕೆಲಸ ಮಾಡಿ, ಆಮೇಲೆ ಅದನ್ನು ರೋಬೋಟ್‌ಗೆ ಹೊಂದಿಸಿಕೊಂಡರು. ಹೆಸರಾಂತ ಪ್ರೊಫೆಸರ್ ಒಬ್ಬರು ನಡುವಯಸ್ಸು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾದದ್ದು ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾಗುವ ಭಾಗ. ನಮ್ಮಲ್ಲಿ ಯೂರಾಲಜಿಗೆ ರೋಬೋಟ್ ಬಂದದ್ದು 2006ರಲ್ಲಿ, ದೆಹಲಿಯ ಏಮ್ಸ್‌ಗೆ.

ಎಲ್ಲರಿಗೂ ಮೆನನ್ ಅವರ ಹಾಗೆ ಕಲಿಯುವ ಅವಕಾಶ ಸಿಗಲಿಲ್ಲ. ಶುರುವಿನ ವರ್ಷಗಳಲ್ಲಿ ಬಹುಪಾಲು ಸರ್ಜನ್‌ಗಳ ತರಬೇತಿ ಹೀಗಿತ್ತು: ಕಂಪನಿಯ ಸಣ್ಣದೊಂದು ಕೋರ್ಸ್, ಹಂದಿಯ ಮೇಲೆ ಅಭ್ಯಾಸ, ಅನುಭವಿ ಸರ್ಜನ್ ಒಬ್ಬರು ಪಕ್ಕದಲ್ಲಿ ನಿಂತು ನೋಡುವ ಕೆಲವು ಆಪರೇಷನ್, ಆಮೇಲೆ ಒಬ್ಬರೇ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಪ್ರಾಸ್ಟೇಟ್ ಆಪರೇಷನ್ ಕೆಟ್ಟಿತು. ಸರ್ಜನ್ ಹೊಟ್ಟೆ ತೆರೆದು ಮಾಡುವ ಆಪರೇಷನ್‌ಗಳನ್ನು ಬೇಕಾದಷ್ಟು ಮಾಡಿದ್ದವರೇ. ಆದರೆ ರೋಬೋಟ್‌ನಲ್ಲಿ ಮಾರ್ಗದರ್ಶಕರ ಎದುರು ಎರಡು ಆಪರೇಷನ್ ಮಾಡಿ, ಒಬ್ಬರೇ ಕೂತದ್ದು ಅದೇ ಮೊದಲು. ಅದೂ ತುಂಬ ದಪ್ಪ ಮೈಯ ರೋಗಿ, ಶುರುವಿನಲ್ಲಿ ಇಂಥವರನ್ನು ಆರಿಸಿಕೊಳ್ಳಬೇಡಿ ಅಂತ ಕಂಪನಿಯೇ ಹೇಳುತ್ತಿತ್ತು. ಗುದನಾಳಕ್ಕೆ ಪೆಟ್ಟಾಯಿತು, ರೋಗಿ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ, ಕೆಲವು ವರ್ಷಗಳ ನಂತರ ತೀರಿಕೊಂಡರು. ಕೇಸು ರಾಜ್ಯದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಮಷೀನಿನ ಅಪಾಯಗಳನ್ನು ಡಾಕ್ಟರಿಗಷ್ಟೇ ತಿಳಿಸಿದರೆ ಸಾಲದು, ಅದನ್ನು ಕೊಂಡ ಆಸ್ಪತ್ರೆಗೂ ತಿಳಿಸಬೇಕು ಅಂತ 2017ರಲ್ಲಿ ಕೋರ್ಟು ಹೇಳಿತು. ಯಾಕಂದರೆ ಈ ಮಷೀನ್ ಮುಂದೆ ಯಾರನ್ನು ಕೂರಿಸಬೇಕು, ಯಾರನ್ನು ಕೂರಿಸಬಾರದು ಅಂತ ತೀರ್ಮಾನಿಸೋದು ಆಸ್ಪತ್ರೆ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 2015ರಲ್ಲಿ ಇನ್ನೊಂದು ನಡೆಯಿತು. ಅದು ರೋಬೋಟ್‌ನಿಂದ ಮಾಡಿದ ಹೃದಯದ ಕವಾಟದ ಆಪರೇಷನ್, ಯೂರಾಲಜಿ ಅಲ್ಲ, ಆದರೂ ಇಲ್ಲಿ ಹೇಳಲೇಬೇಕು. ಸಹಾಯಕ್ಕೆ ಅಂತ ಬಂದಿದ್ದ ಅನುಭವಿಗಳು ಆಪರೇಷನ್ ಮುಗಿಯುವ ಮೊದಲೇ ಹೊರಟುಹೋಗಿದ್ದರು. ರೋಗಿ ತೀರಿಕೊಂಡರು. ಪಕ್ಕದಲ್ಲಿ ನಿಂತು ನೋಡುವವರು ಅನ್ನೋದು ಬರೀ ಕಾಗದದ ಮೇಲಿನ ಸಹಿ ಆದಾಗ ಏನಾಗುತ್ತದೆ ಅಂತ 2018ರ ವಿಚಾರಣೆಯಲ್ಲಿ ಎಲ್ಲರಿಗೂ ಗೊತ್ತಾಯಿತು.

ಮೂಲ ತೊಂದರೆ ಇರೋದು ಕಲಿಸುವ ಹಳೇ ರೀತಿಯಲ್ಲಿ. ಸರ್ಜರಿಯಲ್ಲಿ ನೂರಾರು ವರ್ಷದಿಂದ ನಡೆದು ಬಂದದ್ದು ಗುರುವಿನ ಎದುರು ನಿಂತು ಕಲಿಯುವ ಪದ್ಧತಿ. ತೆರೆದ ಹೊಟ್ಟೆಯ ಎದುರಿನಲ್ಲಿ ಗುರು, ಶಿಷ್ಯ ಇಬ್ಬರೂ ಇರುತ್ತಾರೆ. ಶಿಷ್ಯನ ಕತ್ತರಿ ತಪ್ಪು ಕಡೆ ತಿರುಗಿದರೆ ಗುರು ಕೈ ಹಿಡಿದು ನಿಲ್ಲಿಸುತ್ತಾರೆ. ರೋಬೋಟ್‌ನಲ್ಲಿ ಕನ್ಸೋಲ್ ಒಂದೇ ಇದ್ದರೆ ಕೂರುವುದೂ ಒಬ್ಬರೇ. ಗುರು ಕೂತರೆ ಶಿಷ್ಯ ರೋಗಿಯ ಪಕ್ಕ ಸಕ್ಷನ್ ಪೈಪು ಹಿಡಿದು ಟಿವಿ ನೋಡಬೇಕು, ಶಿಷ್ಯ ಕೂತರೆ ಗುರು ಬಾಯಲ್ಲಷ್ಟೇ ಹೇಳಬೇಕು. ಹೇಳುವ ಹೊತ್ತಿಗೆ ಕತ್ತರಿಸಿ ಆಗಿರುತ್ತದೆ.

ಇದಕ್ಕೆ ಯುರೋಪಿನ ಯೂರಾಲಜಿ ಸಂಘದ ರೋಬೋಟಿಕ್ ವಿಭಾಗ ಒಂದು ಪಠ್ಯಕ್ರಮ ಮಾಡಿತು. ಮೊದಲ ಪ್ರಯೋಗಕ್ಕೆ ಬೇರೆ ಬೇರೆ ದೇಶದ 10 ಜನ ಕಿರಿಯ ಸರ್ಜನ್‌ಗಳನ್ನು ತೆಗೆದುಕೊಂಡು 12 ವಾರ ಕಲಿಸಿದರು. ಕೊನೆಗೆ 8 ಜನ ಒಬ್ಬರೇ ಪ್ರಾಸ್ಟೇಟ್ ಆಪರೇಷನ್ ಮಾಡಬಲ್ಲರು ಅಂತ ಅವರ ಗುರುಗಳು ಹೇಳಿದರು. 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಉಳಿದ ಇಬ್ಬರು ಇನ್ನೂ ತಯಾರಿಲ್ಲ ಅಂತ ಧೈರ್ಯವಾಗಿ ಹೇಳಿದ್ದೇ ಈ ಪ್ರಯೋಗದ ಬೆಲೆ ಅಂತ ನನಗನಿಸುತ್ತದೆ. ಆಮೇಲೆ ತರಬೇತಿಯನ್ನು ಆರು ತಿಂಗಳಿಗೆ ಹಿಗ್ಗಿಸಿದರು.

ಹಂತಗಳು ಹೀಗೆ. ಮೊದಲು ಓದು, ಮಷೀನಿನ ಭಾಗಗಳು, ಶರೀರ ರಚನೆ, ಯಾವ ರೋಗಿಗೆ ಮಾಡಬೇಕು, ಯಾರಿಗೆ ಬೇಡ. ಇದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ನಂತರ ರೋಗಿಯ ಪಕ್ಕದ ಕೆಲಸ. ಬಹಳ ಜನ ಕಿರಿಯರಿಗೆ ಇದು ಬೇಡದ ಕೆಲಸ, ಯಾವಾಗ ಕನ್ಸೋಲ್ ಸಿಗುತ್ತೋ ಅಂತ ಕಾಯುತ್ತಿರುತ್ತಾರೆ. ಆದರೆ ನಿಜವಾದ ಅಡಿಪಾಯ ಇಲ್ಲೇ. ಪ್ರಾಸ್ಟೇಟ್ ಆಪರೇಷನ್‌ಗೆ ರೋಗಿಯನ್ನು ತಲೆ ಕೆಳಗೆ, ಕಾಲು ಮೇಲೆ ಬರುವ ಹಾಗೆ 25-30 ಡಿಗ್ರಿ ವಾಲಿಸಿ ಮಲಗಿಸುತ್ತಾರೆ, ಆಗ ಕರುಳು ಎದೆಯ ಕಡೆ ಜಾರಿ ಸೊಂಟದ ಜಾಗ ಖಾಲಿಯಾಗುತ್ತದೆ. ಹೊಟ್ಟೆಗೆ ಕಾರ್ಬನ್ ಡೈ ಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಸಣ್ಣ ತೂತುಗಳ ಮೂಲಕ ಪೋರ್ಟ್ ಅನ್ನುವ ಕೊಳವೆಗಳನ್ನು ಹಾಕಿ, ಅವಕ್ಕೆ ರೋಬೋಟ್ ಕೈಗಳನ್ನು ಜೋಡಿಸುತ್ತಾರೆ. ಪೋರ್ಟ್ ಎರಡು ಬೆರಳಿನಷ್ಟು ಆಚೀಚೆ ಆದರೂ ಆಪರೇಷನ್ ಪೂರ್ತಿ ಕೈಗಳು ಹೊರಗೆ ಒಂದಕ್ಕೊಂದು ಬಡಿದುಕೊಳ್ಳುತ್ತಿರುತ್ತವೆ. ಕೈಗಳು ಜೋಡಿಸಿದ ಮೇಲೆ ಟೇಬಲ್ ಅಲ್ಲಾಡಿಸುವಂತಿಲ್ಲ, ಮಷೀನಿನ ಜೊತೆಗೇ ಸರಿಯುವ ಹೊಸ ಟೇಬಲ್ ಇದ್ದರೆ ಮಾತ್ರ ಆಗುತ್ತದೆ. ಸಲಕರಣೆ ಬದಲಿಸೋದು, ಸೂಜಿ ಒಳಗೆ ಕೊಟ್ಟು ಹೊರಗೆ ತೆಗೆದು ಲೆಕ್ಕ ಒಪ್ಪಿಸೋದು, ರಕ್ತ ಹೀರೋದು, ಕ್ಲಿಪ್ ಹಾಕೋದು ಎಲ್ಲ ಪಕ್ಕದಲ್ಲಿ ನಿಂತವರ ಕೆಲಸ.

ಇಲ್ಲಿ ಹೊರಗಿನವರಿಗೆ ಹೊಳೆಯದ ಒಂದು ಸಂಗತಿ ಇದೆ. ಕನ್ಸೋಲ್‌ನಲ್ಲಿ ಕೂತ ಸರ್ಜನ್ ಸ್ಟೆರೈಲ್ ಗೌನ್, ಗ್ಲೌಸ್ ಹಾಕಿಕೊಂಡಿರುವುದಿಲ್ಲ. ಒಳಗೆ ದೊಡ್ಡ ರಕ್ತನಾಳ ಹರಿದು ತಕ್ಷಣ ಹೊಟ್ಟೆ ತೆರೆಯಬೇಕು ಅಂತಾದರೆ ಅವರು ಎದ್ದು, ಕೈ ತೊಳೆದು, ಗೌನ್ ತೊಟ್ಟು ಬರಬೇಕು. ಅಲ್ಲಿವರೆಗೆ ರೋಗಿಯ ಜೀವ ಇರುವುದು ಪಕ್ಕದಲ್ಲಿ ನಿಂತವರ ಕೈಯಲ್ಲಿ. ಒಂದು ಸಲಕರಣೆಯಿಂದ ರಕ್ತ ಬರುವ ಜಾಗವನ್ನು ಒತ್ತಿ ಹಿಡಿಯಬೇಕು, ಉಳಿದ ಸಲಕರಣೆಗಳನ್ನು ಎಳೆದು ತೆಗೆಯಬೇಕು, ಕೈಗಳನ್ನು ಪೋರ್ಟ್‌ನಿಂದ ಬಿಡಿಸಬೇಕು, ಕಾರ್ಟನ್ನು ಹಿಂದೆ ಸರಿಸಬೇಕು. ಮಧ್ಯದಲ್ಲಿ ಮಷೀನೇ ಕೈಕೊಟ್ಟರೆ, ಸಲಕರಣೆಯ ಬಾಯಿ ಮಾಂಸ ಕಚ್ಚಿಕೊಂಡೇ ನಿಂತುಬಿಟ್ಟರೆ, ಅದನ್ನು ಕೈಯಿಂದ ಬಿಡಿಸಲು ಒಂದು ಸಣ್ಣ ಕೀಲಿ ಇರುತ್ತದೆ. ಆ ಕೀಲಿ ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಅನ್ನೋದು ಓಟಿಯಲ್ಲಿರುವ ಎಲ್ಲರಿಗೂ ಗೊತ್ತಿರಬೇಕು. ಒಳ್ಳೆಯ ಸೆಂಟರ್‌ಗಳಲ್ಲಿ ಅನೆಸ್ತೇಷಿಯಾ ಡಾಕ್ಟರು, ನರ್ಸು, ಟೆಕ್ನೀಷಿಯನ್ ಎಲ್ಲರನ್ನೂ ಸೇರಿಸಿಕೊಂಡು ಇದನ್ನು ಆಗಾಗ ಅಭ್ಯಾಸ ಮಾಡಿಸುತ್ತಾರೆ. ಸರ್ಜನ್ ಒಬ್ಬರನ್ನೇ ಫಾರಿನ್‌ಗೆ ಕಳಿಸಿ ಕಲಿಸಿದರೆ ಈ ಭಾಗ ಪೂರ್ತಿ ಬಿಟ್ಟುಹೋಗುತ್ತದೆ.

ಮೂರನೇ ಹಂತ ಸಿಮ್ಯುಲೇಟರ್. ಹೊರಗಿನಿಂದ ನೋಡಿದರೆ ವಿಡಿಯೋ ಗೇಮ್. ಉಂಗುರಗಳನ್ನು ಎತ್ತಿ ಗೂಟಕ್ಕೆ ಹಾಕು, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸು, ಬಾಗಿದ ತಂತಿಯ ಉದ್ದಕ್ಕೂ ಉಂಗುರವನ್ನು ತಾಗದ ಹಾಗೆ ಸಾಗಿಸು, ಸೂಜಿಯನ್ನು ಗುರುತಿನಲ್ಲೇ ಚುಚ್ಚಿ ಗುರುತಿನಲ್ಲೇ ಹೊರತೆಗೆ. ಹೊಸಬರು ಎಡವುವುದು ಸಾಮಾನ್ಯವಾಗಿ ಪೆಡಲ್‌ಗಳಲ್ಲಿ. ಕೈಗಳು ಕನ್ಸೋಲ್‌ನ ಅಂಚಿಗೆ ಬಂದು ತಾಗಿದರೂ ಕ್ಲಚ್ ಒತ್ತಿ ಹಿಡಿಕೆಗಳನ್ನು ಮಧ್ಯಕ್ಕೆ ತಂದುಕೊಳ್ಳುವುದು ನೆನಪಾಗಲ್ಲ, ಮೈಯೆಲ್ಲ ತಿರುಚಿಕೊಂಡು ಎಳೆಯುತ್ತಿರುತ್ತಾರೆ. ಇನ್ನು ಕ್ಯಾಮೆರಾ ಸರಿಸುವುದಕ್ಕೆ ಸೋಮಾರಿತನ. ಕೆಲಸ ಚಿತ್ರದ ಮೂಲೆಯಲ್ಲಿ ನಡೆಯುತ್ತಿದ್ದರೂ ಹಾಗೇ ಮುಂದುವರಿಸುತ್ತಾರೆ.

ಕಂಪ್ಯೂಟರ್ ಎಲ್ಲವನ್ನೂ ಲೆಕ್ಕ ಇಡುತ್ತದೆ. ಎಷ್ಟು ಹೊತ್ತು ಹಿಡಿಯಿತು, ಸಲಕರಣೆಯ ತುದಿ ಒಟ್ಟು ಎಷ್ಟು ದೂರ ಓಡಾಡಿತು, ಎಷ್ಟು ಸಲ ಎರಡೂ ಬಡಿದುಕೊಂಡವು, ಎಷ್ಟು ಸಲ ಉಂಗುರ ಬಿತ್ತು, ಎಲ್ಲಿ ಬಲ ಜಾಸ್ತಿಯಾಯಿತು. ಇವುಗಳಲ್ಲಿ ನಾನು ಮೊದಲು ನೋಡುವ ಅಂಕಿ, ಸಲಕರಣೆ ಎಷ್ಟು ಹೊತ್ತು ಚಿತ್ರದಿಂದ ಹೊರಗಿತ್ತು ಅನ್ನೋದು. ಬಲಗೈಯಿಂದ ಹೊಲಿಗೆ ಹಾಕುವ ಗಮನದಲ್ಲಿ ಎಡಗೈಯ ಸಲಕರಣೆ ಚಿತ್ರದ ಆಚೆ ಹೋದರೆ ಅದು ಏನು ಮಾಡುತ್ತಿದೆ ಅಂತ ಯಾರಿಗೂ ಕಾಣಲ್ಲ. ಸ್ಪರ್ಶವೂ ಇಲ್ಲ. ಅಲ್ಲಿ ಕರುಳು ಇರಬಹುದು. ಗೇಮ್‌ನಲ್ಲಿ ಇದಕ್ಕೆ ಒಂದೆರಡು ಅಂಕ ಕಳೆಯುತ್ತಾರೆ, ಅಷ್ಟೇ. ಅದಕ್ಕೇ ಸಿಮ್ಯುಲೇಟರ್‌ನಲ್ಲಿ ನೂರಕ್ಕೆ ತೊಂಬತ್ತು ಬಂತು ಅಂತ ಬೀಗುವವರನ್ನು ಕಂಡರೆ ಹಿರಿಯರು ನಗುತ್ತಾರೆ. ಅದರಿಂದ ಕೈ ಪಳಗುತ್ತದೆ, ತೀರ್ಮಾನ ಪಳಗಲ್ಲ.

ಎಷ್ಟು ಅಭ್ಯಾಸ ಮಾಡಿದರೆ ಸಾಕು? ಇದಕ್ಕೆ ಎರಡು ತರದ ಉತ್ತರ ಇದೆ. ಒಂದು, 20 ಗಂಟೆ ಕೂತ, ಸರ್ಟಿಫಿಕೇಟ್ ತಗೊಂಡ. ಇನ್ನೊಂದನ್ನು ಮುಂದಿಟ್ಟವರು ಮನಶ್ಶಾಸ್ತ್ರದ ಕಡೆಯಿಂದ ಬಂದ ಆಂಥನಿ ಗ್ಯಾಲಗರ್ ಮತ್ತು ಬೆಲ್ಜಿಯಂನ ಯೂರಾಲಜಿಸ್ಟ್ ಅಲೆಕ್ಸಾಂಡರ್ ಮೊಟ್ರಿ. ಮೊದಲು ಪಳಗಿದ ಸರ್ಜನ್‌ಗಳ ಕೈಯಲ್ಲೇ ಅದೇ ಕೆಲಸ ಮಾಡಿಸಿ, ಅವರಿಂದ ಎಷ್ಟು ತಪ್ಪಾಗುತ್ತದೆ ಅಂತ ಎಣಿಸುತ್ತಾರೆ. ಅದರ ಸರಾಸರಿಯೇ ಗಡಿ. ಕಲಿಯುವವರು ಆ ಗಡಿಯನ್ನು ಒಂದೇ ಸಲವಲ್ಲ, ಮತ್ತೆ ಮತ್ತೆ ಮುಟ್ಟಿದರೆ ಮುಂದಿನ ಹಂತ. ಇಲ್ಲದಿದ್ದರೆ ಅಲ್ಲೇ. ಒಬ್ಬರಿಗೆ ಎರಡು ದಿನ ಸಾಕು, ಇನ್ನೊಬ್ಬರಿಗೆ ಎರಡು ವಾರ ಬೇಕು, ಯಾರೂ ನಾಚಿಕೊಳ್ಳಬೇಕಾದ್ದಿಲ್ಲ. 'ತಪ್ಪು' ಅಂದರೆ ಏನು ಅಂತಲೂ ಮೊದಲೇ ಬರೆದಿಟ್ಟಿರುತ್ತಾರೆ: ಸೂಜಿಯನ್ನು ತುದಿಯಲ್ಲಿ ಹಿಡಿದದ್ದು ತಪ್ಪು, ದಾರ ಹರಿದದ್ದು ತಪ್ಪು, ಸಲಕರಣೆ ಕಾಣದ ಕಡೆ ಹೋದದ್ದು ತಪ್ಪು. 'ಚೆನ್ನಾಗಿ ಮಾಡಿದೆ ಕಣಪ್ಪಾ' ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಈ ರೀತಿ ಕಲಿತವರ ತಪ್ಪುಗಳು ಮಾಮೂಲಿ ರೀತಿ ಕಲಿತವರಿಗಿಂತ ಸುಮಾರು 60 ಶೇಕಡಾ ಕಡಿಮೆ ಇದ್ದವು. ಬೆಲ್ಜಿಯಂನ ಮೆಲ್ಲೆ ಊರಿನಲ್ಲಿರುವ ಓರ್ಸಿ ಅಕಾಡೆಮಿ ಈ ಪದ್ಧತಿಗೆ ಹೆಸರಾದ ಜಾಗ.

ಸಿಮ್ಯುಲೇಟರ್ ಆದ ಮೇಲೆ ನಿಜವಾದ ರೋಬೋಟ್, ಆದರೆ ರೋಗಿ ಇಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನ ನೆರವಿನಿಂದ ತಜ್ಞರು ಸೇರಿ ಮಾಡಿದ ಒಂದು ಗುಮ್ಮಟದ ಆಕಾರದ ಮಾದರಿ ಇದೆ, ಅದರ ಮೇಲೆ ಏಳು ಅಭ್ಯಾಸ. ನಂತರ ಮಾಂಸ. ಇಲ್ಲಿ ಕೋಳಿಗೆ ದೊಡ್ಡ ಪಾತ್ರ. ಕೋಳಿಯ ಜಠರವನ್ನು ಮೂತ್ರಕೋಶ ಅಂತ, ಅದರ ಅನ್ನನಾಳವನ್ನು ಮೂತ್ರನಾಳ ಅಂತ ಇಟ್ಟುಕೊಂಡು ಎರಡನ್ನೂ ಕತ್ತರಿಸಿ ಮತ್ತೆ ಹೊಲಿಯುತ್ತಾರೆ. ಗಾತ್ರ, ಪದರಗಳ ದಪ್ಪ ಅಭ್ಯಾಸಕ್ಕೆ ಹೊಂದುತ್ತದೆ, ಖರ್ಚು ಕಡಿಮೆ, ಸೋರುತ್ತಾ ಅಂತ ನೀರು ತುಂಬಿ ತಕ್ಷಣ ನೋಡಬಹುದು. ಕಿಡ್ನಿಯ ಗಡ್ಡೆಯಷ್ಟನ್ನೇ ತೆಗೆಯುವ ಆಪರೇಷನ್‌ಗೆ ಅಮೆರಿಕದ ಅಹ್ಮದ್ ಘಾಜಿ ಅವರ ತಂಡ ಜೆಲ್ಲಿಯಂಥ ವಸ್ತುವಿನಿಂದ ಕಿಡ್ನಿ ಎರಕ ಹೊಯ್ಯುತ್ತದೆ. ಕತ್ತರಿಸಿದರೆ ಅದರಿಂದ ರಕ್ತದಂಥ ದ್ರವವೂ ಸುರಿಯುತ್ತದೆ. ಕಿಡ್ನಿ ಆಪರೇಷನ್‌ನಲ್ಲಿ ರಕ್ತನಾಳಕ್ಕೆ ಕ್ಲ್ಯಾಂಪ್ ಹಾಕಿದ ಕ್ಷಣದಿಂದ ಗಡಿಯಾರ ಓಡಲು ಶುರು, 25-30 ನಿಮಿಷ ದಾಟಿದರೆ ಉಳಿದ ಕಿಡ್ನಿಗೇ ಪೆಟ್ಟು. ಆ ಒತ್ತಡವನ್ನು ಗೂಟಕ್ಕೆ ಉಂಗುರ ಹಾಕಿ ಕಲಿಯೋಕಾಗಲ್ಲ.

ಈಗ ರೋಗಿಯ ಮೇಲೆ. ಮದುವೆ ಅಡುಗೆಗೆ ಬಂದ ಹೊಸ ಹುಡುಗನನ್ನು ಭಟ್ಟರು ಮೊದಲ ದಿನವೇ ಹುಳಿಯ ಹದ ನೋಡಲು ಬಿಡುವುದಿಲ್ಲ, ತರಕಾರಿ ಹೆಚ್ಚಲು ಕೂರಿಸುತ್ತಾರೆ. ಇಲ್ಲೂ ಹಾಗೆಯೇ. ಪ್ರಾಸ್ಟೇಟ್ ಆಪರೇಷನ್ನನ್ನು ಹಲವು ತುಂಡುಗಳಾಗಿ ಒಡೆದು, ಸುಲಭದಿಂದ ಕಷ್ಟಕ್ಕೆ ಜೋಡಿಸಿದ್ದಾರೆ. ಮೊದಲು ಸಿಗುವುದು ಮೂತ್ರಕೋಶವನ್ನು ಹೊಟ್ಟೆಯ ಮುಂಗೋಡೆಯಿಂದ ಬಿಡಿಸಿ ಕೆಳಗಿಳಿಸುವ ಕೆಲಸ. ಅಲ್ಲಿ ಜಾಗ ದೊಡ್ಡದು, ತಪ್ಪಾದರೂ ಸರಿಮಾಡಬಹುದು. ಅದು ಕೈಗೆ ಹತ್ತಿದ ಮೇಲೆ ಮೂತ್ರಕೋಶದ ಕುತ್ತಿಗೆ ಬಿಡಿಸುವುದು, ವೀರ್ಯಕೋಶ ಬಿಡಿಸುವುದು, ಹೊಲಿಗೆ. ನರ ಉಳಿಸುವ ಭಾಗ, ಪ್ರಾಸ್ಟೇಟ್‌ನ ಕೆಳತುದಿ ಕತ್ತರಿಸುವ ಭಾಗ ಇವೆರಡೂ ಕೊನೆಗೆ. ಅಲ್ಲಿ ಒಂದು ಮಿಲಿಮೀಟರ್ ಒಳಗೆ ಹೋದರೆ ಕ್ಯಾನ್ಸರ್ ಉಳಿಯಬಹುದು, ಒಂದು ಮಿಲಿಮೀಟರ್ ಹೊರಗೆ ಹೋದರೆ ನರವೋ ಸ್ನಾಯುವೋ ಹೋಗಬಹುದು. ಹಾಗಾಗಿ ಒಂದೇ ದಿನ ಒಬ್ಬ ರೋಗಿಯ ಮೇಲೆ ಶಿಷ್ಯ ಮಾಡುವುದು ಒಂದೋ ಎರಡೋ ತುಂಡು, ಉಳಿದದ್ದು ಗುರು. ಹತ್ತಾರು ರೋಗಿಗಳ ಆಪರೇಷನ್ ಆದ ಮೇಲೆ ಎಲ್ಲ ತುಂಡುಗಳೂ ಒಬ್ಬರ ಕೈಯಲ್ಲಿ ಸೇರುತ್ತವೆ.

ಹೊಲಿಗೆಯನ್ನೇ ಹತ್ತಿರದಿಂದ ನೋಡೋಣ. ಪ್ರಾಸ್ಟೇಟ್ ತೆಗೆದಾಗ ಮೂತ್ರಕೋಶ ಮೇಲೆ, ಮೂತ್ರನಾಳದ ತುಂಡು ಕೆಳಗೆ, ಮಧ್ಯ ಖಾಲಿ. ಮೂತ್ರನಾಳದ ಮೊಂಡು ತುದಿ ಒಳಕ್ಕೆ ಸರಿದು ಅಡಗಿಕೊಂಡಿರುತ್ತದೆ. ಪಕ್ಕದಲ್ಲಿ ನಿಂತವರು ಹೊರಗಿನಿಂದ, ವೃಷಣ ಮತ್ತು ಗುದದ್ವಾರದ ನಡುವಿನ ಜಾಗವನ್ನು ಮೇಲಕ್ಕೆ ಒತ್ತಿದರೆ ಅದು ಇಣುಕುತ್ತದೆ. ಬೆಲ್ಜಿಯಂನ ವಾನ್ ವೆಲ್ತೋವನ್ 2003ರಲ್ಲಿ ವಿವರಿಸಿದ ಕ್ರಮದಲ್ಲಿ ಎರಡು ದಾರಗಳ ಬಾಲಗಳನ್ನು ಮೊದಲೇ ಗಂಟು ಹಾಕಿಕೊಂಡು, ಗಡಿಯಾರದ 6ರ ಜಾಗದಿಂದ ಶುರುಮಾಡುತ್ತಾರೆ. ಒಂದು ದಾರ ಎಡಗಡೆಯಿಂದ ಏರುತ್ತದೆ, ಇನ್ನೊಂದು ಬಲಗಡೆಯಿಂದ, 12ರ ಹತ್ತಿರ ಎರಡೂ ಸೇರಿ ಗಂಟು. ಪ್ರತಿ ಚುಚ್ಚಿನಲ್ಲೂ ಸೂಜಿ ತನ್ನ ಬಾಗಿನ ದಾರಿಯಲ್ಲೇ ತಿರುಗಬೇಕು, ಸುಮ್ನೆ ನೇರಕ್ಕೆ ತಳ್ಳಿದರೆ ತೆಳು ಮೂತ್ರನಾಳ ಹರಿಯುತ್ತದೆ. ದಾರ ಸಡಿಲವಾದರೆ ಸೋರುತ್ತದೆ, ಬಿಗಿಯಾದರೆ ಕೊಯ್ಯುತ್ತದೆ. ಮುಗಿದ ಮೇಲೆ ಕ್ಯಾತಿಟರ್ (ಮೂತ್ರ ಹೊರಬರಲು ಹಾಕುವ ನಳಿಕೆ) ಮೂಲಕ ಸಲೈನ್ ತುಂಬಿ ಸೋರುವಿಕೆ ನೋಡುತ್ತಾರೆ. ಕ್ಯಾತಿಟರ್ ಸುಮಾರು ಒಂದು ವಾರ ಇರುತ್ತದೆ. ಶಿಷ್ಯನ ಕೈಗೆ ಇದನ್ನು ಕೊಟ್ಟಾಗ ಗುರುಗಳು ಸಾಮಾನ್ಯವಾಗಿ ಒಂದು ಹೊತ್ತಿನ ಮಿತಿ ಇಟ್ಟಿರುತ್ತಾರೆ. ಅಷ್ಟರಲ್ಲಿ ಆಗದಿದ್ದರೆ ಮಾತಿಲ್ಲದೆ ಗುರು ತಗೊಳ್ಳುತ್ತಾರೆ.

ಗುರು ತಗೊಳ್ಳೋದು ಸುಲಭವಾದದ್ದು 2009ರಲ್ಲಿ ಎರಡು ಕನ್ಸೋಲ್ ಜೋಡಿಸುವ ಮಾದರಿ ಬಂದ ಮೇಲೆ. ಇಬ್ಬರೂ ಒಂದೇ ಚಿತ್ರ ನೋಡುತ್ತಾರೆ. ಒಂದು ಬಟನ್ ಒತ್ತಿದರೆ ಕೈಗಳ ಹತೋಟಿ ಆಚೆಯಿಂದ ಈಚೆಗೆ. ಮೂರು ಸಲಕರಣೆಯಲ್ಲಿ ಎರಡು ಶಿಷ್ಯನಿಗೆ, ಒಂದು ಗುರುವಿಗೆ ಅಂತಲೂ ಹಂಚಿಕೊಳ್ಳಬಹುದು. ಬೆಲೆ ಜಾಸ್ತಿ ಅಂತ ಎಷ್ಟೋ ಆಸ್ಪತ್ರೆಗಳು ಎರಡನೇ ಕನ್ಸೋಲ್ ಕೊಳ್ಳುವುದಿಲ್ಲ. ಕಲಿಸುತ್ತೇವೆ ಅಂತ ಹೇಳಿಕೊಳ್ಳುವ ಆಸ್ಪತ್ರೆಗಾದರೂ ಇದು ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಕಲಿತದ್ದನ್ನು ಅಳೆಯೋದು ಹೇಗೆ? ಗೇರ್ಸ್ ಅನ್ನುವ ಒಂದು ಅಂಕಪಟ್ಟಿ 2012ರಿಂದ ಬಳಕೆಯಲ್ಲಿದೆ. ಆಳದ ಅಂದಾಜು, ಎರಡೂ ಕೈಗಳ ಹೊಂದಾಣಿಕೆ, ಚುರುಕುತನ, ಬಲದ ಹಿಡಿತ, ಸ್ವತಂತ್ರವಾಗಿ ಮಾಡುವ ಶಕ್ತಿ, ಮಷೀನಿನ ಹತೋಟಿ ಅಂತ ಆರು ವಿಷಯ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಆಪರೇಷನ್ ವಿಡಿಯೋದಲ್ಲಿ ಮುಖ, ಹೆಸರು ಯಾವುದೂ ಇರಲ್ಲ, ಹಾಗಾಗಿ ಯಾರ ಕೈ ಅಂತ ಗೊತ್ತಿಲ್ಲದೆ ಅಂಕ ಹಾಕಬಹುದು. ಇದರ ಮೇಲೆ ಅಮೆರಿಕದಲ್ಲಿ ಒಂದು ತಮಾಷೆಯ ಪ್ರಯೋಗ ನಡೆಯಿತು. ಹೊಲಿಗೆ ಹಾಕುವ ವಿಡಿಯೋವನ್ನು ತಜ್ಞರಿಗೂ ಕೊಟ್ಟರು, ಇಂಟರ್ನೆಟ್‌ನಲ್ಲಿ ಚಿಲ್ಲರೆ ಕೆಲಸ ಮಾಡುವ, ವೈದ್ಯಕೀಯದ ಗಂಧವೇ ಇಲ್ಲದ ನೂರಾರು ಜನರಿಗೂ ಕೊಟ್ಟರು. ಇಬ್ಬರ ಅಂಕವೂ ಹತ್ತಿರ ಹತ್ತಿರ ಬಂತು! ಒಳ್ಳೆಯ ಕೈಗೂ ತಡವರಿಸುವ ಕೈಗೂ ಇರುವ ವ್ಯತ್ಯಾಸ ಅಷ್ಟು ಎದ್ದು ಕಾಣುತ್ತದೆ ಅಂತಾಯಿತು. ಯಾವ ಪದರದಲ್ಲಿ ಕತ್ತರಿಸಬೇಕಿತ್ತು ಅಂತ ಹೇಳೋದಕ್ಕೆ ಮಾತ್ರ ತಜ್ಞರೇ ಬೇಕು.

ಕೈಗುಣ ಮತ್ತು ರೋಗಿಯ ಫಲಿತಾಂಶಕ್ಕೆ ನಿಜಕ್ಕೂ ನಂಟಿದೆಯಾ? ಇದೆ. ಮಿಷಿಗನ್‌ನಲ್ಲಿ ತೂಕ ಇಳಿಸುವ ಆಪರೇಷನ್ ಮಾಡುವ 20 ಸರ್ಜನ್‌ಗಳ ವಿಡಿಯೋಗೆ ಸಹೋದ್ಯೋಗಿಗಳೇ ಹೆಸರು ನೋಡದೆ ಅಂಕ ಹಾಕಿದರು. ಕಡಿಮೆ ಅಂಕ ಬಂದ ಗುಂಪಿನ ರೋಗಿಗಳಲ್ಲಿ ನೂರಕ್ಕೆ 14.5 ಜನರಿಗೆ ತೊಡಕು, ಜಾಸ್ತಿ ಅಂಕದವರಲ್ಲಿ 5.2. ಇದು 2013ರಲ್ಲಿ ಪ್ರಕಟವಾಯಿತು, ರೋಬೋಟ್ ಅಲ್ಲ, ಲ್ಯಾಪರೋಸ್ಕೋಪಿ. ಅನುಭವದ ಲೆಕ್ಕವೂ ಸುಳ್ಳಲ್ಲ. ತೆರೆದ ಪ್ರಾಸ್ಟೇಟ್ ಆಪರೇಷನ್ ಬಗ್ಗೆ 2007ರ ಒಂದು ಅಧ್ಯಯನದಲ್ಲಿ, ಹಿಂದೆ 10 ಮಾಡಿದ್ದ ಸರ್ಜನ್‌ನ ರೋಗಿಗಳಲ್ಲಿ ಐದು ವರ್ಷದೊಳಗೆ ಕ್ಯಾನ್ಸರ್ ಮರಳುವ ಸಾಧ್ಯತೆ 17.9 ಶೇಕಡಾ, 250 ಮಾಡಿದ್ದವರಲ್ಲಿ 10.7. ಅಂದರೆ ಕಲಿಯುವ ದಾರಿ ಬಹಳ ಉದ್ದ. ಆದರೆ ಬರೀ 'ಐನೂರು ಮಾಡಿದ್ದೇನೆ' ಅನ್ನೋದು ಅರ್ಧ ಉತ್ತರ. ಒಂದೇ ತಪ್ಪನ್ನು ಐನೂರು ಸಲ ಮಾಡಿರಲೂಬಹುದು ಅಲ್ವಾ? ಯಾರಾದರೂ ವಿಡಿಯೋ ನೋಡಿ ತಿದ್ದಿದ್ದಾರಾ ಅನ್ನೋದು ಉಳಿದರ್ಧ.

ನಮ್ಮ ದೇಶಕ್ಕೆ ಬರೋಣ. ಎಂಎಸ್ ಮುಗಿಸಿ ಮೂರು ವರ್ಷದ ಎಂಸಿಎಚ್ ಅಥವಾ ಡಿಆರ್‌ಎನ್‌ಬಿ ಅನ್ನುವ ಸೂಪರ್ ಸ್ಪೆಷಾಲಿಟಿ ಕೋರ್ಸ್ ಮಾಡಿದರೆ ಯೂರಾಲಜಿಸ್ಟ್. ರೋಬೋಟ್‌ಗಳು ಜಾಸ್ತಿ ಇರುವುದು ಬೆಂಗಳೂರಿನಂಥ ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳಲ್ಲಿ. ಕಲಿಯುವ ಹುಡುಗರು ಜಾಸ್ತಿ ಇರುವುದು ಮೆಡಿಕಲ್ ಕಾಲೇಜುಗಳಲ್ಲಿ. ಇದೇ ಇಕ್ಕಟ್ಟು. ಖಾಸಗಿಯಲ್ಲಿ ಲಕ್ಷಗಟ್ಟಲೆ ಕಟ್ಟಿದ ರೋಗಿಗೆ ದೊಡ್ಡ ಡಾಕ್ಟರೇ ಪೂರ್ತಿ ಮಾಡಬೇಕು ಅನ್ನುವ ನಿರೀಕ್ಷೆ ಇರುತ್ತದೆ, ಅದು ತಪ್ಪೂ ಅಲ್ಲ. ಮೇಲಾಗಿ ಡಾ ವಿಂಚಿಯ ಸಲಕರಣೆಗಳಲ್ಲಿ ಚಿಪ್ ಇರುತ್ತದೆ, ಇಷ್ಟು ಸಲ ಬಳಸಿದ ಮೇಲೆ ಮಷೀನ್ ಅದನ್ನು ಒಪ್ಪುವುದೇ ಇಲ್ಲ. ಅಭ್ಯಾಸಕ್ಕೆ ಅಂತ ಕಳೆಯುವ ಪ್ರತಿ ಬಳಕೆಗೂ ದುಡ್ಡು. ಹಾಗಾಗಿ ಎಂಸಿಎಚ್ ಮುಗಿಸಿ ಬರುವ ಹೆಚ್ಚಿನವರು ಆಮೇಲೆ ಫೆಲೋಶಿಪ್ ಹುಡುಕಿಕೊಂಡು ಹೋಗುತ್ತಾರೆ. ವಟ್ಟಿಕುಟಿ ಫೌಂಡೇಶನ್ ಇಂಥ ಫೆಲೋಶಿಪ್‌ಗಳನ್ನು ಇಲ್ಲಿ ನಡೆಸುತ್ತಾ ಬಂದಿದೆ. ಡೆಟ್ರಾಯಿಟ್‌ನಲ್ಲಿ ಮೆನನ್ ಅವರ ಸಂಸ್ಥೆಗೆ ನೆರವಾದ ಕುಟುಂಬದ್ದೇ ಅದು.

ಈಗ ಡಾ ವಿಂಚಿ ಒಂದೇ ಅಲ್ಲ. ಗುರುಗ್ರಾಮದ ಕಂಪನಿಯ ಎಸ್‌ಎಸ್‌ಐ ಮಂತ್ರ, ಮೆಡ್‌ಟ್ರಾನಿಕ್‌ನ ಹ್ಯೂಗೋ, ಬ್ರಿಟನ್ನಿನ ವರ್ಸಿಯಸ್ ಎಲ್ಲ ಬಂದಿವೆ. ಬೆಲೆ ಇಳಿದರೆ ಕಲಿಯುವ ಅವಕಾಶ ಹೆಚ್ಚಬಹುದು. ಆದರೆ ಒಂದರಲ್ಲಿ ಪಳಗಿದವರು ಇನ್ನೊಂದರ ಮುಂದೆ ನೇರ ಕೂರುವಂತಿಲ್ಲ. ಮಂತ್ರ, ಹ್ಯೂಗೋಗಳಲ್ಲಿ ಕಿಂಡಿಯೊಳಗೆ ಮುಖ ಇಡುವುದಿಲ್ಲ, ಕನ್ನಡಕ ಹಾಕಿಕೊಂಡು ತೆರೆದ ಪರದೆ ನೋಡುತ್ತಾರೆ. ಕೈಗಳು ಬೇರೆ ಬೇರೆ ಕಾರ್ಟ್‌ಗಳ ಮೇಲಿರುತ್ತವೆ, ಹಾಗಾಗಿ ಪೋರ್ಟ್ ಲೆಕ್ಕಾಚಾರ ಬೇರೆ. ವರ್ಸಿಯಸ್‌ನಲ್ಲಿ ಪೆಡಲ್ ಕೆಲಸವೆಲ್ಲ ಕೈಯ ಬಟನ್‌ಗಳಿಗೆ ಬಂದಿದೆ. ಪಾದಕ್ಕೆ ವರ್ಷಗಟ್ಟಲೆ ಆದ ಅಭ್ಯಾಸ ಅವಸರದ ಹೊತ್ತಿನಲ್ಲೇ ಅಡ್ಡ ಬರುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಆಪರೇಷನ್ ಹೇಳಿದ್ದರೆ ಡಾಕ್ಟರ ಹತ್ತಿರ ಕೇಳಲು ಸಂಕೋಚ ಬೇಡ: ಈ ಮಷೀನ್‌ನಲ್ಲಿ ಈ ಆಪರೇಷನ್ ಎಷ್ಟು ಮಾಡಿದ್ದೀರಿ ಸರ್, ಎಲ್ಲಿ ಕಲಿತಿರಿ, ಕಲಿಯುವವರು ಯಾರಾದರೂ ಯಾವುದಾದರೂ ಭಾಗ ಮಾಡುತ್ತಾರಾ, ಆಗ ನೀವು ಎರಡನೇ ಕನ್ಸೋಲ್‌ನಲ್ಲಿ ಇರುತ್ತೀರಾ? ಕಲಿಯುವವರು ಇರುತ್ತಾರೆ ಅಂದ ಮಾತ್ರಕ್ಕೆ ಗಾಬರಿ ಆಗಬೇಕಾಗಿಲ್ಲ. ಗುರು ಪಕ್ಕದಲ್ಲೇ ಇದ್ದರೆ ಹೊತ್ತು ಸ್ವಲ್ಪ ಜಾಸ್ತಿ ಹಿಡಿಯಬಹುದು, ಅಷ್ಟೇ.

ಇನ್ನೊಂದು ಪ್ರಶ್ನೆಯೂ ಕೇಳಿ, ಇದಕ್ಕೆ ಉತ್ತರ ಹೇಳೋದು ಸ್ವಲ್ಪ ಕಷ್ಟ: ರೋಬೋಟ್ ಮಧ್ಯದಲ್ಲಿ ನಿಂತರೆ, ರಕ್ತ ನಿಲ್ಲದಿದ್ದರೆ, ಹೊಟ್ಟೆ ತೆರೆದು ಮುಗಿಸುವವರು ಯಾರು? ಹಿರಿಯರಿಗೆ ಇದು ತೊಂದರೆಯೇ ಅಲ್ಲ, ಅವರು ಬಂದದ್ದೇ ಆ ದಾರಿಯಿಂದ. ಆದರೆ ರೋಬೋಟ್ ತುಂಬಿರುವ ದೇಶಗಳಲ್ಲಿ ಈಗ ತರಬೇತಿ ಮುಗಿಸುವವರು ಹೊಟ್ಟೆ ತೆರೆದು ಪ್ರಾಸ್ಟೇಟ್ ತೆಗೆಯುವುದನ್ನು ಕಣ್ಣಾರೆ ನೋಡಿರುವುದೇ ಅಪರೂಪ. ಅವರಿಗೆ ಅದನ್ನು ಕಲಿಸಬೇಕು ಅಂದರೆ ಅಂಥ ಆಪರೇಷನ್ ಎಲ್ಲಿ ಸಿಗಬೇಕು? ಕೆಲವು ಕಡೆ ಮೃತದೇಹದ ಮೇಲೆ ಕಲಿಸುತ್ತಾರೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಓದಿ ಬರುವ ಹುಡುಗರಿಗೆ ರೋಬೋಟ್ ತಡವಾಗಿ ಸಿಗುತ್ತದೆ ನಿಜ, ಆದರೆ ಹೊಟ್ಟೆ ತೆರೆದು ಮಾಡುವ ಕೆಲಸ ಅವರ ಕೈಗೆ ಸದ್ಯಕ್ಕೆ ಚೆನ್ನಾಗಿಯೇ ಹತ್ತಿರುತ್ತದೆ. ಇನ್ನು ಹತ್ತು ವರ್ಷ ಬಿಟ್ಟು ನೋಡಿದರೆ ಇದು ಹೀಗೇ ಇರುತ್ತೆ ಅಂತ ಹೇಳೋಕಾಗಲ್ಲ.